ಪಂಚಗಣಿಯ ಪಿಯಾನೊ ಹುಡುಗ

ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಶಾಲೆಯ ಬೇವಿನ ಮರದ ಕಟ್ಟೆಯ ಮೇಲೆ ನಡೆಯುವ ವಾದಗಳು ಒಂದೆರಡಲ್ಲ. ಕ್ರಿಕೆಟ್ಟಿನ ವಾದ, ಸಿನಿಮಾದ ವಾದ ಮುಗಿದ ಮೇಲೆ ಈಗೀಗ ಹೊಸದೊಂದು ವಾದ ಸೇರಿಕೊಂಡಿದೆ. ಒಬ್ಬನು ಅಣ್ಣನ ಮೊಬೈಲಿನಲ್ಲಿ ಕೇಳಿದ ರಾಕ್ ತಂಡವೇ ಲೋಕದಲ್ಲಿ ಶ್ರೇಷ್ಠವೆನ್ನುತ್ತಾನೆ. ಇನ್ನೊಬ್ಬಳು ಅದಕ್ಕಿಂತಲೂ ಅಬ್ಬರದ ಮೆಟಲ್ ತಂಡವೊಂದರ ಹೆಸರು ಹೇಳುತ್ತಾಳೆ. ಮೂರನೆಯವನು ಇದೆಲ್ಲ ಬರೀ ಗದ್ದಲ, ನಮ್ಮೂರ ಭಜನೆಯ ಮುಂದೆ ಇದು ಯಾವ ಲೆಕ್ಕವೆಂದು ಮೂಗು ಮುರಿಯುತ್ತಾನೆ. ಗಂಟೆ ಬಾರಿಸಿದರೂ ವಾದ ನಿಲ್ಲುವುದಿಲ್ಲ. ಕೆಲವೊಮ್ಮೆ ಮಾತು ಬಿಡುವವರೆಗೂ ಹೋಗುತ್ತದೆ.

ಈ ವಾದಗಳನ್ನು ಕೇಳುತ್ತಿರುವಾಗಲೆಲ್ಲ ನಮಗೆ ಒಬ್ಬ ಹಾಡುಗಾರನ ನೆನಪು ಬರುತ್ತದೆ. ಲಕ್ಷಾಂತರ ಜನ ತಮ್ಮ ಮೆಚ್ಚಿನವನೆಂದು ಹೇಳಿಕೊಳ್ಳುವ ಆ ಮನುಷ್ಯ, ತಾನೂ ಮೊದಲು ಮತ್ತೊಬ್ಬರನ್ನು ಮನಸಾರೆ ಮೆಚ್ಚಿದವನು. ಅವನು ಸಂಗೀತ ಕಲಿತದ್ದು ಬಹಳ ದೂರದಲ್ಲೇನೂ ಅಲ್ಲ, ನಮ್ಮ ಸಾಂಗ್ಲಿ ಜಿಲ್ಲೆಗೆ ತಾಗಿಕೊಂಡ ಸಾತಾರಾ ಜಿಲ್ಲೆಯ ಪಂಚಗಣಿಯಲ್ಲಿ. ಅವನೇ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ. ಅವನ ಬಾಳಿನ ಕಥೆಯನ್ನು ಈ ಸಂಚಿಕೆಯಲ್ಲಿ ನಮ್ಮ ಓದುಗ ಮಿತ್ರರ ಮುಂದಿಡುತ್ತಿದ್ದೇವೆ.

ಮೊದಲು ಈ ಸಂಗೀತದ ಬಗ್ಗೆ ಎರಡು ಮಾತು. ರಾಕ್ ಎಂಬುದು 1950ರ ದಶಕದಲ್ಲಿ ಅಮೆರಿಕದಲ್ಲಿ, ಬಹುಮಟ್ಟಿಗೆ ಅಲ್ಲಿನ ಕಪ್ಪು ಜನರ ಹಾಡುಗಾರಿಕೆಯಿಂದ ಬೆಳೆದು ಬಂದದ್ದು. ವಿದ್ಯುತ್ ಗಿಟಾರ್, ಬೇಸ್ ಗಿಟಾರ್, ಡ್ರಮ್ ಇವು ಅದರ ಮೂರು ಕಂಬಗಳು. ಅದೇ ಸಂಗೀತವನ್ನು ಇನ್ನಷ್ಟು ಭಾರವಾಗಿಸಿ, ಸದ್ದನ್ನು ಏರಿಸಿ ನುಡಿಸಿದಾಗ ಮೆಟಲ್ ಹುಟ್ಟಿತು. 1970ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ ಬ್ಲ್ಯಾಕ್ ಸಬ್ಬಾತ್ ಎಂಬ ತಂಡ ಇದಕ್ಕೆ ಬುನಾದಿ ಹಾಕಿತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳುಗಳ ತುದಿ ಕಳೆದುಕೊಂಡವನು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಮತ್ತೆ ನುಡಿಸಿದನು. ಗದ್ದಲವೆಂದು ನಾವು ತಳ್ಳಿಹಾಕುವ ಸಂಗೀತದ ಹಿಂದೆಯೂ ಇಂಥ ಛಲವಿದೆ ಎಂಬುದನ್ನು ಮರೆಯಬಾರದು. ಈ ಅಯೋಮಿ ನಮ್ಮ ಕಥೆಯ ಕೊನೆಯಲ್ಲಿ ಮತ್ತೊಮ್ಮೆ ಬರುತ್ತಾನೆ.

ಆಫ್ರಿಕಾದ ಪೂರ್ವ ಕರಾವಳಿಯ ಬಳಿ, ಲವಂಗಕ್ಕೆ ಹೆಸರಾದ ಜಾಂಜಿಬಾರ್ ಎಂಬ ದ್ವೀಪವಿದೆ. ಅಲ್ಲಿ 1946ರ ಸೆಪ್ಟೆಂಬರ್ 5ರಂದು ಬೋಮಿ ಬುಲ್ಸಾರ ಮತ್ತು ಜೇರ್ ಎಂಬ ಪಾರ್ಸಿ ದಂಪತಿಗಳಿಗೆ ಗಂಡು ಮಗು ಹುಟ್ಟಿತು. ಫರ‍್ರೋಖ್ ಎಂದು ಹೆಸರಿಟ್ಟರು. ಗುಜರಾತಿನ ಬುಲ್ಸಾರ್, ಅಂದರೆ ಈಗಿನ ವಲ್ಸಾಡ್, ಆ ಮನೆತನದ ಮೂಲ ಊರು. ತಂದೆ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಖಜಾಂಚಿಯಾಗಿದ್ದರು. ಮುಂದೆ ಕಶ್ಮೀರಾ ಎಂಬ ತಂಗಿಯೂ ಹುಟ್ಟಿದಳು. ಮನೆಯಲ್ಲಿ ಗುಜರಾತಿ, ಬೀದಿಯಲ್ಲಿ ಸ್ವಾಹಿಲಿ, ಶಾಲೆಯಲ್ಲಿ ಇಂಗ್ಲಿಷ್. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮಗೆ ಇಂಥ ಬಾಳು ಹೊಸದಲ್ಲ.

ಮಗನಿಗೆ ಒಳ್ಳೆಯ ವಿದ್ಯೆ ದೊರೆಯಲೆಂದು ತಂದೆತಾಯಿ ಅವನನ್ನು ಎಂಟನೆಯ ವಯಸ್ಸಿನಲ್ಲಿ ಭಾರತಕ್ಕೆ ಕಳುಹಿಸಿದರು. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯನ್ನು ಸೇರಿದನು. ತಾಯಿಯ ಮಡಿಲಿನಿಂದ ಕಡಲಾಚೆಗೆ ಬಂದ ಆ ಹುಡುಗನ ಸ್ಥಿತಿಯನ್ನು ವಸತಿಗೃಹದಲ್ಲಿರುವ ನಮ್ಮ ಗೆಳೆಯರು ಚೆನ್ನಾಗಿ ಊಹಿಸಬಲ್ಲರು. ನಮ್ಮವರು ಶನಿವಾರ ಎಸ್.ಟಿ. ಬಸ್ಸು ಹಿಡಿದರೆ ಸಂಜೆಗೆ ಊರು ಸೇರುತ್ತಾರೆ. ಅವನಿಗೆ ಆ ಭಾಗ್ಯವಿರಲಿಲ್ಲ. ರಜೆ ಬಂದರೂ ಎಷ್ಟೋ ಸಲ ಮುಂಬಯಿಯ ಬಂಧುಗಳ ಮನೆಯೇ ಗತಿಯಾಗಿತ್ತು. ಮೇಲಾಗಿ ಅವನ ಬಾಯಲ್ಲಿ ನಾಲ್ಕು ಹಲ್ಲುಗಳು ಹೆಚ್ಚಾಗಿದ್ದವು. ಅವುಗಳ ಒತ್ತಡಕ್ಕೆ ಮುಂದಿನ ಹಲ್ಲುಗಳು ಉಬ್ಬಿ ಕಾಣುತ್ತಿದ್ದವು. ಸಹಪಾಠಿಗಳು ಅದನ್ನೇ ಹಿಡಿದು ಅಡ್ಡಹೆಸರಿಟ್ಟರು. ಆ ಸಂಕೋಚ ಅವನನ್ನು ಬಾಳಿನುದ್ದಕ್ಕೂ ಬಿಡಲಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಅವನ ಅಭ್ಯಾಸವಾಯಿತು. ಹಲ್ಲು ತೆಗೆಸಿದರೆ ಕಂಠ ಕೆಟ್ಟೀತೆಂಬ ಅಂಜಿಕೆಯಿಂದ ಮುಂದೆ ಹಣವಿದ್ದಾಗಲೂ ತೆಗೆಸಲಿಲ್ಲ.

ಆ ಒಂಟಿತನದಲ್ಲಿ ಅವನ ಕೈಹಿಡಿದದ್ದು ಪಿಯಾನೊ. ರೇಡಿಯೊದಲ್ಲಿ ಒಮ್ಮೆ ಕೇಳಿದ ಹಾಡನ್ನು ಅವನು ಹಾಗೆಯೇ ಪಿಯಾನೊದ ಮೇಲೆ ನುಡಿಸುತ್ತಿದ್ದನೆಂದು ಅವನ ಜೊತೆಗೆ ಓದಿದವರು ನೆನೆಯುತ್ತಾರೆ. ಶಾಲೆಯ ಗಾಯನ ಮೇಳದಲ್ಲಿ ಹಾಡಿದನು, ನಾಟಕಗಳಲ್ಲಿ ಪಾತ್ರ ಮಾಡಿದನು. ಹನ್ನೆರಡರ ಹರೆಯದಲ್ಲಿ ನಾಲ್ವರು ಗೆಳೆಯರೊಡನೆ ಸೇರಿ ದಿ ಹೆಕ್ಟಿಕ್ಸ್ ಎಂಬ ತಂಡ ಕಟ್ಟಿದನು. ಅಮೆರಿಕದ ಲಿಟಲ್ ರಿಚರ್ಡ್, ಇಂಗ್ಲೆಂಡಿನ ಕ್ಲಿಫ್ ರಿಚರ್ಡ್ ಇವರ ಹಾಡುಗಳನ್ನು ಆ ಹುಡುಗರು ಶಾಲೆಯ ಸಮಾರಂಭಗಳಲ್ಲಿ ಹಾಡುತ್ತಿದ್ದರು. ಗಮನಿಸಿರಿ, ಅವರು ಹಾಡಿದ್ದೆಲ್ಲ ಬೇರೆಯವರ ಹಾಡುಗಳೇ. ರೇಡಿಯೊದಲ್ಲಿ ತಮಗೆ ಹಿಡಿಸಿದ್ದನ್ನು ಉಳಿದವರಿಗೂ ಕೇಳಿಸಬೇಕೆಂಬ ಆಸೆಯೇ ಆ ತಂಡದ ಬಂಡವಾಳ. ಫರ‍್ರೋಖ್ ಹೋಗಿ ಫ್ರೆಡ್ಡಿ ಎಂಬ ಹೆಸರು ಬಂದದ್ದೂ ಈ ಶಾಲೆಯಲ್ಲಿಯೇ.

1963ರಲ್ಲಿ ಅವನು ಜಾಂಜಿಬಾರಿಗೆ ಮರಳಿದನು. ಮರುವರ್ಷ, 1964ರ ಜನವರಿ 12ರಂದು, ಅಲ್ಲಿ ಕ್ರಾಂತಿಯಾಯಿತು. ಸುಲ್ತಾನನ ಆಳ್ವಿಕೆ ಉರುಳಿತು. ಸಾವಿರಾರು ಅರಬರೂ ಭಾರತೀಯರೂ ಪ್ರಾಣ ಕಳೆದುಕೊಂಡರು. ಬುಲ್ಸಾರ ಕುಟುಂಬ ಮನೆಮಾರು ಬಿಟ್ಟು ಇಂಗ್ಲೆಂಡಿಗೆ ಓಡಿಬಂದು, ಲಂಡನ್ನಿನ ಬಳಿಯ ಫೆಲ್ತ್‌ಹ್ಯಾಮ್ ಎಂಬಲ್ಲಿ ಸಣ್ಣ ಮನೆ ಹಿಡಿಯಿತು. ಹದಿನೇಳು ವರ್ಷದ ಫ್ರೆಡ್ಡಿಗೆ ಹೊಸ ನಾಡು, ಹೊಸ ಚಳಿ, ಕೈಯಲ್ಲಿ ಕಾಸಿಲ್ಲ. ಓದಿನ ನಡುವೆ ಹೀತ್ರೊ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸುವ ಕೆಲಸವನ್ನೂ ಮಾಡಿದನು. 1966ರಲ್ಲಿ ಈಲಿಂಗ್ ಕಲಾಶಾಲೆಯನ್ನು ಸೇರಿ, 1969ರಲ್ಲಿ ಚಿತ್ರವಿನ್ಯಾಸದ ಡಿಪ್ಲೊಮಾ ಪಡೆದನು.

ಅದೇ 1966ರಲ್ಲಿ ಅಮೆರಿಕದಿಂದ ಜಿಮಿ ಹೆಂಡ್ರಿಕ್ಸ್ ಎಂಬ ಕಪ್ಪು ತರುಣ ಲಂಡನ್ನಿಗೆ ಬಂದನು. ಅವನು ಎಡಚ, ಬಲಗೈಯವರ ಗಿಟಾರನ್ನೇ ತಿರುವಿ ಹಿಡಿದು, ಅದುವರೆಗೆ ಯಾರೂ ಕೇಳರಿಯದ ನಾದಗಳನ್ನು ಹೊರಡಿಸುತ್ತಿದ್ದನು. ಫ್ರೆಡ್ಡಿ ಅವನಿಗೆ ಮಾರುಹೋದನು. ಅವನ ಕಚೇರಿಗಳನ್ನು ಹುಡುಕಿಕೊಂಡು ಹೋಗಿ ಹಲವು ಬಾರಿ ಕೇಳಿದನು. ಕಲಾಶಾಲೆಯಲ್ಲಿ ಹೆಂಡ್ರಿಕ್ಸನ ಚಿತ್ರಗಳನ್ನು ಮತ್ತೆ ಮತ್ತೆ ಬರೆದು ಕೋಣೆಯ ಗೋಡೆಗೆ ಅಂಟಿಸಿದನು. ಅಳತೆಪಟ್ಟಿಯನ್ನೇ ಗಿಟಾರಿನಂತೆ ಹಿಡಿದು ತರಗತಿಯಲ್ಲಿ ಅವನನ್ನು ಅನುಕರಿಸಿ ಗೆಳೆಯರನ್ನು ನಗಿಸುತ್ತಿದ್ದನು. ಗಂಭೀರವಾಗಿ ಕೂತು ಹೊಗಳುವ ಅಭಿಮಾನವಲ್ಲ ಅದು. ತಾನು ಕಂಡ ಸಂತೋಷವನ್ನು ಪಕ್ಕದವನಿಗೂ ಹಂಚಬೇಕೆನ್ನುವ ಅಭಿಮಾನ.

ಕಲಾಶಾಲೆಯ ಗೆಳೆಯ ಟಿಮ್ ಸ್ಟಾಫೆಲ್ ಎಂಬವನು ಸ್ಮೈಲ್ ಎಂಬ ಸಣ್ಣ ತಂಡವೊಂದರಲ್ಲಿ ಹಾಡುತ್ತಿದ್ದನು. ಗಿಟಾರಿಗೆ ಬ್ರಯಾನ್ ಮೇ, ಡ್ರಮ್ಮಿಗೆ ರೋಜರ್ ಟೇಲರ್. ಫ್ರೆಡ್ಡಿ ಆ ತಂಡದ ಕಟ್ಟಾ ಅಭಿಮಾನಿಯಾದನು. ಅವರು ಎಲ್ಲಿ ಹಾಡಿದರೂ ಹೋಗುವುದು, ಮುಗಿದ ಮೇಲೆ ಹೀಗೆ ನಿಲ್ಲಿರಿ, ಹಾಗೆ ಉಡುಪು ತೊಡಿರಿ ಎಂದು ಸಲಹೆ ಕೊಡುವುದು. ತಾನೂ ಒಂದೆರಡು ಸಣ್ಣ ತಂಡಗಳಲ್ಲಿ ಹಾಡಿದನು. ಅಂಥ ಒಂದು ಕಚೇರಿಯಲ್ಲಿ ಮೈಕಿನ ಕಂಬದ ಬುಡ ಕಳಚಿಹೋಯಿತು. ಅವನು ಹಾಡು ನಿಲ್ಲಿಸದೆ ಉಳಿದ ಅರ್ಧ ಕಂಬವನ್ನೇ ಹಿಡಿದು ವೇದಿಕೆಯ ತುಂಬ ಓಡಾಡಿದನು. ಮುಂದೆ ಆ ಅರ್ಧ ಕಂಬವೇ ಅವನ ಗುರುತಾಯಿತು. ಹೊಟ್ಟೆಪಾಡಿಗೆ ಅವನೂ ರೋಜರನೂ ಲಂಡನ್ನಿನ ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಹಳೆಯ ಬಟ್ಟೆಗಳ ಅಂಗಡಿ ಇಟ್ಟಿದ್ದರು. 1970ರ ಸೆಪ್ಟೆಂಬರ್ 18ರಂದು ಹೆಂಡ್ರಿಕ್ಸ್ ಕೇವಲ 27ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಈ ಇಬ್ಬರು ತಮ್ಮ ಅಂಗಡಿಯ ಬಾಗಿಲು ಮುಚ್ಚಿ ದುಃಖ ಆಚರಿಸಿದರೆಂದು ಹೇಳುತ್ತಾರೆ.

ಅದೇ ವರ್ಷ ಸ್ಟಾಫೆಲ್ ಸ್ಮೈಲ್ ತಂಡವನ್ನು ಬಿಟ್ಟನು. ತೆರವಾದ ಜಾಗಕ್ಕೆ ಅಭಿಮಾನಿಯೇ ಹಾಡುಗಾರನಾಗಿ ಬಂದನು. ತಂಡಕ್ಕೆ ಕ್ವೀನ್ ಎಂಬ ಹೊಸ ಹೆಸರು ಕೊಟ್ಟನು. ತನ್ನ ಬುಲ್ಸಾರ ಎಂಬ ಹೆಸರನ್ನು ಮರ್ಕ್ಯುರಿ ಎಂದು ಬದಲಾಯಿಸಿಕೊಂಡನು. 1971ರಲ್ಲಿ ಬೇಸ್ ಗಿಟಾರಿಗೆ ಜಾನ್ ಡೀಕನ್ ಸೇರಿದ ಮೇಲೆ ತಂಡ ಪೂರ್ತಿಯಾಯಿತು. ನಾಲ್ವರೂ ಓದಿದವರೇ. ಮೇ ಖಗೋಳ ವಿಜ್ಞಾನದ ವಿದ್ಯಾರ್ಥಿ. ಹಾಡಿಗಾಗಿ ಅರ್ಧಕ್ಕೆ ಬಿಟ್ಟ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಂಡು 2007ರಲ್ಲಿ ಡಾಕ್ಟರೇಟ್ ಪಡೆದನು. ಅವನ ಗಿಟಾರ್ ಅಂಗಡಿಯದಲ್ಲ. ಹಳೆಯ ಮನೆಯೊಂದರ ಅಗ್ಗಿಷ್ಟಿಕೆಯ ಮರದಿಂದ ತಂದೆಯೊಡನೆ ಕೂತು ಹುಡುಗನಾಗಿದ್ದಾಗ ತಾನೇ ಮಾಡಿದ್ದು. ಟೇಲರ್ ದಂತವೈದ್ಯ ಓದಲು ಬಂದು ಜೀವಶಾಸ್ತ್ರಕ್ಕೆ ತಿರುಗಿದವನು. ಡೀಕನ್ ಎಲೆಕ್ಟ್ರಾನಿಕ್ಸ್ ಬಲ್ಲವನು. ಚಿತ್ರಕಾರ ಫ್ರೆಡ್ಡಿ ತಂಡದ ಲಾಂಛನ ಬರೆದನು. ನಾಲ್ವರ ರಾಶಿಗಳ ಗುರುತುಗಳಾದ ಎರಡು ಸಿಂಹ, ಒಂದು ಏಡಿ, ಇಬ್ಬರು ಕನ್ಯೆಯರು ಅದರಲ್ಲಿವೆ. ತನ್ನೊಬ್ಬನ ಗುರುತನ್ನಲ್ಲ, ನಾಲ್ವರ ಗುರುತನ್ನೂ ಅವನು ಬರೆದನೆಂಬುದು ನೆನಪಿಡತಕ್ಕ ಮಾತು.

ಕೀರ್ತಿ ಒಂದೇ ದಿನದಲ್ಲಿ ಬರಲಿಲ್ಲ. 1973ರಲ್ಲಿ ಹೊರಬಂದ ಮೊದಲ ಧ್ವನಿಮುದ್ರಿಕೆಯನ್ನು ಅವರು ಮುದ್ರಿಸಿದ್ದು, ಹಣ ಕೊಟ್ಟ ಗಿರಾಕಿಗಳೆಲ್ಲ ಸ್ಟುಡಿಯೊ ಬಿಟ್ಟುಹೋದ ಅವೇಳೆಯಲ್ಲಿ. 1975ರಲ್ಲಿ ಫ್ರೆಡ್ಡಿ ಬರೆದ ಬೊಹೀಮಿಯನ್ ರಾಪ್ಸಡಿ ಎಂಬ ಹಾಡು ಬಂದಿತು. ಆ ಕಾಲಕ್ಕೆ ರೇಡಿಯೊದ ಹಾಡೆಂದರೆ ಮೂರು ನಿಮಿಷ. ಇದು ಐದು ನಿಮಿಷ 55 ಸೆಕೆಂಡು. ಪಲ್ಲವಿಯೇ ಇಲ್ಲ. ಮೆಲ್ಲನೆಯ ಪಿಯಾನೊದಿಂದ ಆರಂಭವಾಗಿ, ನಡುವೆ ಇಟಲಿಯ ಸಂಗೀತನಾಟಕದ ಮೇಳಗಾನವಾಗಿ, ಬಳಿಕ ಗಿಟಾರಿನ ಅಬ್ಬರವಾಗಿ, ಮತ್ತೆ ಮೆಲ್ಲಗೆ ಮುಗಿಯುತ್ತದೆ. ಮೇಳವೇ ನಿಂತು ಹಾಡಿದಂತೆ ಕೇಳುವ ಆ ನಡುಭಾಗವನ್ನು ಹಾಡಿದವರು ಮೂವರೇ. ಮೂರು ವಾರ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಡಿ, ಧ್ವನಿಯ ಮೇಲೆ ಧ್ವನಿ ಮುದ್ರಿಸಿ ಅದನ್ನು ಕಟ್ಟಿದರು. ಕಂಪನಿಯವರು ಇಷ್ಟು ಉದ್ದದ ಹಾಡು ನಡೆಯದೆಂದರು. ಆದರೆ ಲಂಡನ್ನಿನ ರೇಡಿಯೊ ನಿರೂಪಕ ಕೆನ್ನಿ ಎವೆರೆಟ್ ಅದನ್ನು ಮೆಚ್ಚಿ, ಒಂದೇ ವಾರಾಂತ್ಯದಲ್ಲಿ 14 ಬಾರಿ ಕೇಳಿಸಿದನು. ಜನ ಅಂಗಡಿಗಳಿಗೆ ಮುಗಿಬಿದ್ದರು. ಹಾಡು ಒಂಬತ್ತು ವಾರ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿ ನಿಂತಿತು. ಇಲ್ಲಿಯೂ ಒಬ್ಬ ಮೆಚ್ಚಿದವನು ಇನ್ನೊಬ್ಬರಿಗೆ ಕೇಳಿಸಿದ್ದೇ ಕೆಲಸ ಮಾಡಿತು.

1977ರಲ್ಲಿ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಚೇರಿಗಳಲ್ಲಿ ಜನ ಸುಮ್ಮನೆ ಕೇಳದೆ ತಾವೂ ಹಾಡುವುದನ್ನು ಕಂಡು, ಅವರಿಗೂ ಪಾಲು ಕೊಡುವ ಹಾಡುಗಳನ್ನು ಬರೆದರು. ಮೇ ಬರೆದ ವಿ ವಿಲ್ ರಾಕ್ ಯು ಹಾಡಿಗೆ ಎರಡು ಬಾರಿ ಕಾಲು ತುಳಿತ, ಒಂದು ಚಪ್ಪಾಳೆ ಇಷ್ಟೇ ತಾಳ. ವಾದ್ಯವಿಲ್ಲದವನೂ, ಇಂಗ್ಲಿಷ್ ಬಾರದವನೂ ಅದರಲ್ಲಿ ಸೇರಬಹುದು. ಭಜನೆಯಲ್ಲಿ ತಾಳ ಹಿಡಿದು ಕೂತ ನಮ್ಮೂರ ಹಿರಿಯರಿಗೆ ಈ ಗುಟ್ಟು ಎಂದೋ ಗೊತ್ತು. 1981ರಲ್ಲಿ ಬ್ರೆಜಿಲ್ ದೇಶದ ಸಾವೊ ಪೌಲೊದಲ್ಲಿ ಒಂದೇ ರಾತ್ರಿ ಲಕ್ಷಕ್ಕೂ ಮೀರಿದ ಜನ ತಮ್ಮ ಭಾಷೆಯಲ್ಲದ ಹಾಡನ್ನು ಅವನ ಜೊತೆ ಹಾಡಿದರು.

ಅವನ ಬಾಳಿನಲ್ಲಿ ತಪ್ಪುಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರ್ಕಾರ ಕಪ್ಪು ಜನರನ್ನು ತುಳಿಯುತ್ತಿದ್ದ ಕಾಲದಲ್ಲಿ, ಅಲ್ಲಿಗೆ ಕಲಾವಿದರು ಹೋಗಬಾರದೆಂದು ವಿಶ್ವಸಂಸ್ಥೆ ಕರೆಕೊಟ್ಟಿತ್ತು. ಆದರೂ ಕ್ವೀನ್ ತಂಡ 1984ರಲ್ಲಿ ಅಲ್ಲಿಯ ಸನ್ ಸಿಟಿಯಲ್ಲಿ ಹಾಡಿತು. ಬ್ರಿಟನ್ನಿನ ವಾದ್ಯಗಾರರ ಸಂಘ ದಂಡ ಹಾಕಿತು. ಅನೇಕ ಅಭಿಮಾನಿಗಳೂ ನೊಂದುಕೊಂಡರು. ಕಪ್ಪು ಕಲಾವಿದ ಹೆಂಡ್ರಿಕ್ಸನನ್ನು ಪೂಜಿಸಿದವನು ಅಲ್ಲಿಗೆ ಹೋಗಬಾರದಿತ್ತೆಂದೇ ನಮಗೂ ಅನಿಸುತ್ತದೆ. ಮೆಚ್ಚಿದವರ ತಪ್ಪನ್ನು ತಪ್ಪೆನ್ನುವುದೂ ಅಭಿಮಾನದ ಒಂದು ಭಾಗವೇ.

ಮರುವರ್ಷ ಇಥಿಯೋಪಿಯದ ಕ್ಷಾಮಪೀಡಿತರ ನೆರವಿಗಾಗಿ ಲೈವ್ ಏಡ್ ಎಂಬ ಮಹಾ ಕಚೇರಿ ನಡೆಯಿತು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 72,000 ಜನ ಸೇರಿದ್ದರು. ಉಪಗ್ರಹದ ಮೂಲಕ ಕೋಟ್ಯಂತರ ಜನ ನೋಡಿದರು. ಕ್ವೀನ್ ತಂಡಕ್ಕೆ ಸಿಕ್ಕಿದ್ದು ಸುಮಾರು 20 ನಿಮಿಷ. ಅವರು ಮೊದಲೇ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ, ಹಾಡುಗಳನ್ನು ಮೊಟಕುಗೊಳಿಸಿ ಹೊಂದಿಸಿಕೊಂಡು ಬಂದಿದ್ದರು. ರೋಜರ್ ಟೇಲರ್ ಬರೆದ ರೇಡಿಯೊ ಗಾ ಗಾ ಹಾಡಿಗೆ ಆ ಜನಸಾಗರವೆಲ್ಲ ಕೈಗಳನ್ನು ತಲೆಯ ಮೇಲೆತ್ತಿ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿತು. ಆ ಹಾಡು ಹಳೆಯ ರೇಡಿಯೊದ ಋಣವನ್ನು ನೆನೆಯುವ ಹಾಡು. ಪಂಚಗಣಿಯಲ್ಲಿ ರೇಡಿಯೊಕ್ಕೆ ಕಿವಿಗೊಟ್ಟು ಕೂತಿದ್ದ ಹುಡುಗನೇ ಅಂದು ಅದನ್ನು ಹಾಡುತ್ತಿದ್ದನು.

1986ರ ಆಗಸ್ಟ್ 9ರಂದು ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ನಡೆದದ್ದು ಅವನು ಕ್ವೀನ್ ತಂಡದೊಡನೆ ಹಾಡಿದ ಕೊನೆಯ ಬಹಿರಂಗ ಕಚೇರಿ. 1987ರಲ್ಲಿ ಅವನಿಗೆ ಏಡ್ಸ್ ರೋಗವಿರುವುದು ತಿಳಿಯಿತು. ಆ ಕಾಲದಲ್ಲಿ ಏಡ್ಸ್ ಎಂದರೆ ಸಾವಿನ ಜೊತೆಗೆ ಅವಮಾನ. ಪುರುಷರನ್ನು ಪ್ರೀತಿಸಿದ ಪುರುಷರನ್ನು ಪತ್ರಿಕೆಗಳು ಬೇಟೆಯಾಡುತ್ತಿದ್ದ ಕಾಲ. ಜಿಮ್ ಹಟನ್ ಎಂಬ ಸಂಗಾತಿಯೊಡನೆ ಬಾಳುತ್ತಿದ್ದ ಫ್ರೆಡ್ಡಿ ತನ್ನ ರೋಗವನ್ನು ಆಪ್ತರ ಹೊರತು ಯಾರಿಗೂ ಹೇಳಲಿಲ್ಲ. ಆದರೆ ಕೆಲಸ ನಿಲ್ಲಿಸಲಿಲ್ಲ. ಸ್ಪೇನಿನ ಪ್ರಸಿದ್ಧ ಶಾಸ್ತ್ರೀಯ ಗಾಯಕಿ ಮೊಂಟ್ಸೆರಾ ಕಬಾಯೆಯನ್ನು ಅವನು ಬಹಳ ಮೆಚ್ಚಿದ್ದನು. ಆಕೆಯೊಡನೆ ಹಾಡಿದ ಬಾರ್ಸಿಲೋನ ಎಂಬ ಧ್ವನಿಮುದ್ರಿಕೆ 1988ರಲ್ಲಿ ಬಂದಿತು. ಕಾಲುಗಳಲ್ಲಿ ತ್ರಾಣವಿಲ್ಲದಾಗಲೂ ಸ್ವಿಟ್ಜರ್ಲೆಂಡಿನ ಮಾಂತ್ರೊ ಊರಿನ ಸ್ಟುಡಿಯೊದಲ್ಲಿ ಕೈಲಾದಷ್ಟು ಹಾಡಿ, ಉಳಿದದ್ದನ್ನು ಗೆಳೆಯರು ಪೂರ್ತಿಮಾಡಲೆಂದು ಬಿಟ್ಟುಹೋದನು.

1991ರ ನವೆಂಬರ್ 23ರಂದು ತನ್ನ ರೋಗದ ವಿಷಯವನ್ನು ಜಗತ್ತಿಗೆ ಪ್ರಕಟಿಸಿದನು. ಮರುದಿನವೇ ಲಂಡನ್ನಿನ ತನ್ನ ಮನೆಯಲ್ಲಿ ಕಣ್ಣುಮುಚ್ಚಿದನು. ವಯಸ್ಸು 45. ಪಾರ್ಸಿ ಪುರೋಹಿತರು ಅಂತ್ಯವಿಧಿ ನಡೆಸಿದರು. ಹೀಗೆ ಮರ್ಕ್ಯುರಿ ಕೊನೆಗೆ ಬುಲ್ಸಾರ ಮನೆಯ ಮಗನಾಗಿಯೇ ಹೊರಟನು. ಇನ್ನೈದು ವರ್ಷ ಬದುಕಿದ್ದರೆ 1996ರ ಸುಮಾರಿಗೆ ಬಂದ ಹೊಸ ಔಷಧಿಗಳು ಅವನಿಗೆ ದಕ್ಕುತ್ತಿದ್ದವೇನೋ. ಇಂದು ಈ ರೋಗಾಣು ತಗುಲಿದವರು ಔಷಧಿ ತಪ್ಪಿಸದಿದ್ದರೆ ಎಲ್ಲರಂತೆ ಬಹುಕಾಲ ಬದುಕಬಲ್ಲರು. ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ ಅದು ಹರಡುವುದಿಲ್ಲವೆಂಬುದನ್ನು ನಾವೆಲ್ಲ ಅರಿತಿರಬೇಕು.

1992ರ ಏಪ್ರಿಲ್ 20ರಂದು ಅದೇ ವೆಂಬ್ಲಿಯಲ್ಲಿ ಅವನ ನೆನಪಿನ ಕಚೇರಿ ನಡೆಯಿತು. ಮತ್ತೆ 72,000 ಜನ. ಅಲ್ಲಿಗೆ ಬಂದವರ ಪಟ್ಟಿ ನೋಡಿದರೆ ನಮ್ಮ ಬೇವಿನ ಕಟ್ಟೆಯ ವಾದಕ್ಕೆ ಉತ್ತರ ಸಿಗುತ್ತದೆ. ಇಂಪಾದ ಹಾಡಿನ ಎಲ್ಟನ್ ಜಾನ್, ಜಾರ್ಜ್ ಮೈಕೆಲ್ ಬಂದರು. ಅಬ್ಬರದ ಮೆಟಾಲಿಕಾ, ಗನ್ಸ್ ಎನ್ ರೋಸಸ್, ಡೆಫ್ ಲೆಪರ್ಡ್ ಬಂದರು. ಎಕ್ಸ್‌ಟ್ರೀಮ್ ತಂಡ ತನ್ನ ಹಾಡುಗಳನ್ನು ಬದಿಗಿಟ್ಟು ಕ್ವೀನ್ ತಂಡದ ಹಾಡುಗಳನ್ನೇ ಒಂದಕ್ಕೊಂದು ಪೋಣಿಸಿ ಹಾಡಿತು. ಸ್ಟೋನ್ ಕೋಲ್ಡ್ ಕ್ರೇಜಿ ಎಂಬ ಕ್ವೀನ್ ತಂಡದ 1974ರ ವೇಗದ ಹಾಡನ್ನು ಮೆಟಾಲಿಕಾ ತಾನು ಹಾಡಿ 1991ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದಿತ್ತು. ಅಂದು ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಅದೇ ಹಾಡನ್ನು ಹಾಡಿದಾಗ, ಬ್ರಯಾನ್ ಮೇಯ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸಿದವನು ಬೆರಳಿಗೆ ಟೊಪ್ಪಿಗೆ ತೊಟ್ಟ ಟೋನಿ ಅಯೋಮಿ. ರಾಕ್ ದೊಡ್ಡದೋ ಮೆಟಲ್ ದೊಡ್ಡದೋ ಎಂದು ಅಂದು ಯಾರೂ ಕೇಳಲಿಲ್ಲ. ಅವನ ಹೆಸರಿನಲ್ಲಿ ಸ್ಥಾಪನೆಯಾದ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಏಡ್ಸ್ ವಿರುದ್ಧದ ಕೆಲಸಕ್ಕೆ ಅಂದಿನಿಂದ ನೆರವಾಗುತ್ತ ಬಂದಿದೆ.

ಒಂದು ಮಾತು ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ. ಜಾಂಜಿಬಾರಿನ ಬಗ್ಗೆ, ಪಂಚಗಣಿಯ ಬಗ್ಗೆ ಫ್ರೆಡ್ಡಿ ಹೊರಗೆ ಆಡಿದ್ದು ಬಹಳ ಕಡಿಮೆ. ಹುಬ್ಬಲ್ಲಿಗೆ ಅಡ್ಡಹೆಸರಿಟ್ಟ ಲೋಕ ತನ್ನ ಊರಿಗೂ ಹೆಸರಿಗೂ ನಕ್ಕೀತೆಂಬ ಅಳುಕಿತ್ತೋ ಏನೋ. ಸಾವಿರಾರು ಜನರ ಮುಂದೆ ಅಂಜದೆ ಹಾಡಿದವನು ಕೆಲವು ಮಾತುಗಳನ್ನು ಒಳಗೇ ಇಟ್ಟುಕೊಂಡು ಹೋದನು. ನಮ್ಮ ತರಗತಿಯಲ್ಲಿಯೂ ಯಾವನೋ ಒಬ್ಬನು ತನ್ನ ಮೆಚ್ಚಿನ ಹಾಡನ್ನು ಹೇಳಲು ನಾಚಿ ಸುಮ್ಮನೆ ಕೂತಿರಬಹುದು. ನಾವು ನಕ್ಕರೆ ಅವನು ಇನ್ನೆಂದೂ ಬಾಯಿ ತೆರೆಯುವುದಿಲ್ಲ.

ಮುಂದಿನ ಸಲ ಶಾಲೆಯ ಪ್ರವಾಸ ಮಹಾಬಳೇಶ್ವರ, ಪಂಚಗಣಿಗೆ ಹೊರಟಾಗ ಟೇಬಲ್ ಲ್ಯಾಂಡಿನ ಬಯಲನ್ನೂ ಸ್ಟ್ರಾಬೆರಿ ತೋಟಗಳನ್ನೂ ನೋಡೋಣ. ಜೊತೆಗೆ, ಮನೆಯಿಂದ ದೂರವಾಗಿ ಆ ಊರಿನ ಮಂಜಿನಲ್ಲಿ ಕೂತು ರೇಡಿಯೊ ಕೇಳಿದ ಹುಡುಗನನ್ನೂ ಒಮ್ಮೆ ನೆನೆಯೋಣ. ಬೇವಿನ ಕಟ್ಟೆಗೆ ಮರಳಿದ ಮೇಲೆ, ನಮ್ಮದೇ ಶ್ರೇಷ್ಠವೆಂದು ಕೂಗುವ ಮೊದಲು ಪಕ್ಕದವನ ಮೆಚ್ಚಿನ ಹಾಡು ಯಾವುದೆಂದು ಕೇಳೋಣ; ಅದು ಭಜನೆಯಿರಲಿ, ರಾಕ್ ಇರಲಿ, ಮೆಟಲ್ ಇರಲಿ, ಕೊನೆಯವರೆಗೆ ಕೇಳೋಣ. ಇನ್ನೊಬ್ಬರನ್ನು ಮೆಚ್ಚಬಲ್ಲವನೇ ಮುಂದೆ ಮೆಚ್ಚುಗೆ ಪಡೆಯಬಲ್ಲನೆಂಬುದಕ್ಕೆ ಪಂಚಗಣಿಯ ಆ ಪಿಯಾನೊ ಹುಡುಗನ ಬಾಳೇ ಸಾಕ್ಷಿ.